ಶುಕ್ರಗ್ರಹ ಗುರುವಿನಿಂದ ಸಿಡಿದು ಬಂದದ್ದೇ? ವೆಲಿಕೋವ್ಸ್ಕಿ ವಾದದ ಬಗ್ಗೆ ಒಂದು ಪ್ರಶ್ನೆ

ಕಪಾಟಿನ ಓದುಗ:
ಅಪ್ಪನ ಕಪಾಟಿನಲ್ಲಿ ಇಮ್ಯಾನುಯೆಲ್ ವೆಲಿಕೋವ್ಸ್ಕಿಯವರ 1950ರ ಪುಸ್ತಕ ಸಿಕ್ಕಿತು. ಪುಟಪುಟಕ್ಕೂ ಅಪ್ಪನ ಪೆನ್ಸಿಲ್ ಗೆರೆಗಳಿವೆ. ಕ್ರಿ.ಪೂ. 1500ರ ಸುಮಾರಿಗೆ ಗುರುಗ್ರಹದಿಂದ ಸಿಡಿದ ಧೂಮಕೇತು ಭೂಮಿಯ ಪಕ್ಕದಲ್ಲೇ ಹಾದುಹೋಯಿತು, ಬೈಬಲಿನ ಕಥೆಯಲ್ಲಿ ಕೆಂಪು ಸಮುದ್ರ ಇಬ್ಭಾಗವಾದದ್ದು ಅದರಿಂದಲೇ, ಕೊನೆಗೆ ಅದೇ ಶುಕ್ರವಾಯಿತು ಎಂಬುದು ವಾದ. ಅದೇ ಬೈಬಲಿನ ನಾಯಕ ಯೆಹೋಶುವನಿಗಾಗಿ ಸೂರ್ಯ ನಿಂತದ್ದು ಅದು ಮತ್ತೊಮ್ಮೆ ಬಂದಾಗಲಂತೆ. ಶುಕ್ರ ಬಹಳ ಬಿಸಿ ಎಂದೂ ಅವರು ಮೊದಲೇ ಹೇಳಿದ್ದರು. 1962ರಲ್ಲಿ ಮ್ಯಾರಿನರ್ 2 ನೌಕೆ ಅದನ್ನೇ ಕಂಡಿತು. ಇಷ್ಟು ನಾಡುಗಳ ಪುರಾಣ ಒಂದೇ ಮಾತು ಹೇಳುವಾಗ ತಳ್ಳಿಹಾಕುವುದು ಹೇಗೆ? ಅಪ್ಪನೊಡನೆ ವಾದಕ್ಕೆ ಕುಳಿತು ಸೋತಿದ್ದೇನೆ.

ದುರ್ಗದ ಮೇಷ್ಟ್ರು:
ಪುರಾಣಗಳನ್ನು ಸದ್ಯಕ್ಕೆ ಬದಿಗಿಡಿ. ಆ ಕಾಲದಲ್ಲಿ ಆಕಾಶ ನೋಡುತ್ತ ಕುಳಿತವರು ಏನು ಬರೆದಿಟ್ಟರು, ಅದನ್ನು ಅಪ್ಪನ ಮುಂದಿಡಿ. ಬ್ಯಾಬಿಲೋನಿನ ದೊರೆ ಅಮ್ಮಿಸದುಕನ ಕಾಲದಲ್ಲಿ ಶುಕ್ರ ಎಂದು ಮೂಡಿತು, ಎಂದು ಮರೆಯಾಯಿತು ಎಂದು 21 ವರ್ಷ ಗುರುತು ಹಾಕಿದ್ದಾರೆ. ಅದರ ನಕಲು ಪ್ರಾಚೀನ ನಗರ ನಿನೆವೆಯ ಮಣ್ಣಿನ ಹಲಗೆಗಳಲ್ಲಿ ಉಳಿದಿದೆ. ಎಂಟನೆಯ ವರ್ಷದ ಜಾಗದಲ್ಲಿ 'ಚಿನ್ನದ ಸಿಂಹಾಸನದ ವರ್ಷ' ಎಂದಿದೆ. ಅದು ಆ ದೊರೆಯ ಆಳ್ವಿಕೆಯ ವರ್ಷದ ಹೆಸರು, ಹಾಗಾಗಿಯೇ ಕಾಲ ಗೊತ್ತಾಯಿತು. ಹೆಚ್ಚಿನ ವಿದ್ವಾಂಸರು ಅವನನ್ನು ಕ್ರಿ.ಪೂ. 17ನೆಯ ಶತಮಾನದಲ್ಲಿಡುತ್ತಾರೆ. 1500ರಲ್ಲಿ ಹುಟ್ಟಬೇಕಾದ ಬೆಳ್ಳಿ ಅದಕ್ಕೂ ಮೊದಲೇ ದಿನಾ ಮೂಡುತ್ತಿತ್ತು!

ನಕಲು ಮಾಡುವಾಗ ನುಸುಳಿದ ತಪ್ಪುಗಳು ಅದರಲ್ಲಿವೆ. ವೆಲಿಕೋವ್ಸ್ಕಿ ಆ ತಪ್ಪುಗಳನ್ನೇ ಹಿಡಿದು, ಶುಕ್ರ ಅಡ್ಡಾದಿಡ್ಡಿ ಓಡುತ್ತಿತ್ತು ಎಂದರು. ಆದರೆ ಎಂಟು ವರ್ಷಕ್ಕೊಮ್ಮೆ ಶುಕ್ರ ಹಳೆಯ ಜಾಗಕ್ಕೆ ಮರಳುವ ಸುತ್ತು ಆ ಹಲಗೆಯಲ್ಲೂ ಕಾಣುತ್ತದೆ. ಆ ಸುತ್ತನ್ನು ನಾನು ಕಣ್ಣಾರೆ ಕಂಡಿದ್ದೇನೆ. 2004ರ ಜೂನ್ 8ರಂದು ಶುಕ್ರ ಸೂರ್ಯನ ಮುಂದೆ ಹಾದುಹೋದಾಗ ಶಾಲೆಯ ಅಂಗಳದಲ್ಲಿ ದೂರದರ್ಶಕದ ಹಿಂದೆ ಬಿಳಿ ಹಾಳೆ ಹಿಡಿದಿದ್ದೆವು. ಸೂರ್ಯಬಿಂಬದ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಮಕ್ಕಳು ಸರದಿಯಲ್ಲಿ ಬಂದು ಪೆನ್ಸಿಲಿನಿಂದ ಅದರ ಜಾಗ ಗುರುತಿಸಿದರು. ಶುಕ್ರ ಮತ್ತೆ ಹಾಗೆ ಹಾದುಹೋದದ್ದು ಎಂಟು ವರ್ಷದ ನಂತರ, 2012ರ ಜೂನ್ 6ರಂದು. ಆ ಹಾಳೆ ಇನ್ನೂ ನನ್ನಲ್ಲಿದೆ.

ಬೆಳ್ಳಿಚುಕ್ಕಿ:
ಬಿಸಿಯ ಮಾತಿಗೆ ಬಂದರೆ, ಶುಕ್ರದ ನೆಲ ಸುಮಾರು 460 ಡಿಗ್ರಿ ಸೆಲ್ಸಿಯಸ್, ನಿಜ. ಅದಕ್ಕೆ ಕಾರಣ ದಟ್ಟ ಇಂಗಾಲದ ಡೈಆಕ್ಸೈಡ್ ಹೊದಿಕೆ, ಹುಟ್ಟಿನ ಕಾವಲ್ಲ. ಮೋಡಗಳಲ್ಲಿ ವೆಲಿಕೋವ್ಸ್ಕಿ ಹೇಳಿದ ಹೈಡ್ರೋಕಾರ್ಬನ್ ಇಲ್ಲ, ಗಂಧಕಾಮ್ಲವಿದೆ.

ದುರ್ಗದ ಮೇಷ್ಟ್ರು:
ಹೌದು. ಇನ್ನೊಂದು ಮಾತು ಅಪ್ಪನಿಗೆ ಹೇಳಲೇಬೇಕು. ಖಗೋಳಜ್ಞರ ಒತ್ತಡಕ್ಕೆ ಮಣಿದು ಮೊದಲ ಪ್ರಕಾಶಕರು ಆ ಪುಸ್ತಕವನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಅದು ತಪ್ಪು. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಖಗೋಳಜ್ಞ ಕಾರ್ಲ್ ಸೇಗನ್ ವೆಲಿಕೋವ್ಸ್ಕಿಯವರನ್ನು ಎದುರಾಎದುರು ಪ್ರಶ್ನಿಸಿದರಲ್ಲ, ಅದು ಸರಿಯಾದ ದಾರಿ.

ಕಪಾಟಿನ ಓದುಗ:
ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಒಪ್ಪಲಿಲ್ಲ, ಆದರೆ 'ಚಿನ್ನದ ಸಿಂಹಾಸನದ ವರ್ಷ' ಎಂಬುದನ್ನು ಎರಡು ಸಲ ಕೇಳಿ ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು. ಮೇಷ್ಟ್ರೇ, ಆ 2004ರ ಹಾಳೆಯ ಫೋಟೋ ಹಾಕುತ್ತೀರಾ? ಅವರು ನೋಡಬೇಕಂತೆ.