10,500 ಪೌಂಡಿನ ಟ್ರಾವೆಲ್ ಟ್ರೈಲರಿಗೆ ಹೊಸ ಟೈರು: 15 ಇಂಚಿನಲ್ಲೇ ಇರೋದಾ, 16ಕ್ಕೆ ಹೋಗೋದಾ?

ಘಟಪ್ರಭಾ_ಹ್ಯೂಸ್ಟನ್

ಎಲ್ಲರಿಗೂ ನಮಸ್ಕಾರ. ಎರಡು ಆಕ್ಸಲಿನ ಟ್ರಾವೆಲ್ ಟ್ರೈಲರು. ಜಿವಿಡಬ್ಲ್ಯೂಆರ್ (ತುಂಬಿದಾಗ ಇರಬಹುದಾದ ಗರಿಷ್ಠ ತೂಕ) 10,500 ಪೌಂಡು, ಆಕ್ಸಲ್ ಒಂದೊಂದೂ 5,200 ಪೌಂಡಿನದು, ಆರು ನಟ್ಟಿನ ರಿಮ್ಮು. ಈಗಿರೋ ಟೈರು ಫ್ಯಾಕ್ಟರಿಯಿಂದ ಬಂದಿದ್ದು: ಎಸ್‌ಟಿ225/75ಆರ್15 (ಟ್ರೈಲರಿಗೆ ಅಂತಲೇ ಮಾಡಿದ್ದು), ಲೋಡ್ ರೇಂಜ್ (ಭಾರ ಹೊರೋ ದರ್ಜೆ) ಇ. ಡಾಟ್ ಕೋಡಿನ (ಟೈರಿನ ಮೇಲೆ ಅಚ್ಚಾದ ತಯಾರಿಕೆ ಗುರುತು) ಕೊನೆ ನಾಲ್ಕು ಅಂಕಿ 2319. ಟ್ರೆಡ್ (ನೆಲ ಮುಟ್ಟೋ ಅಚ್ಚು) ಮುಕ್ಕಾಲು ಪಾಲು ಉಳಿದಿದೆ, ಆದರೆ ಪಕ್ಕೆಯಲ್ಲಿ, ಅಂದರೆ ಸೈಡ್‌ವಾಲಿನಲ್ಲಿ ಕೂದಲೆಳೆ ಬಿರುಕು ಕಾಣಿಸ್ತಿವೆ.

ಜುಲೈನಲ್ಲಿ ಊರಿಂದ ಅಪ್ಪ ಅಮ್ಮ ಬರ್ತಾರೆ. ಗ್ರ್ಯಾಂಡ್ ಕ್ಯಾನಿಯನ್, ಅಲ್ಲಿಂದ ಜಾಯನ್‌ಗೆ ಹೋಗೋ ಯೋಚನೆ. ಅಕ್ಕಿ, ಬೇಳೆ, ಗ್ರೈಂಡರು, ನೀರು ಎಲ್ಲ ತುಂಬಿಕೊಂಡೇ ಕ್ಯಾಟ್ ಸ್ಕೇಲಿನಲ್ಲಿ (ಟ್ರಕ್ ಸ್ಟಾಪಿನ ತೂಕದ ಕಟ್ಟೆ) ತೂಗಿಸಿದೆ. ಟ್ರೈಲರಿನ ಎರಡೂ ಆಕ್ಸಲ್ ಸೇರಿ 9,240 ಪೌಂಡು ಬಂತು. ನಾಲ್ಕು ಟೈರಿನ ಒಟ್ಟು ಶಕ್ತಿ 11,320. ಅಂದರೆ ಸಾಕಷ್ಟು ಉಳೀತಲ್ವಾ? ಅದೇ ಸೈಜಿನಲ್ಲಿ ಒಳ್ಳೆ ಕಂಪನಿದು ಹಾಕಿಸಿದರೆ ಸಾಕಾ? ಎಲ್‌ಟಿ ಟೈರು ಹಾಕಿಸಿ, ಅದೇ ಗಟ್ಟಿ ಅಂತ ಕೆಲವರು ಹೇಳ್ತಾರೆ. ತಿಳಿದವರು ಹೇಳಿ.

ಗಾಲಿ_ಕೀಲು

ಬಿರುಕು ಬಿಟ್ಟ ಟೈರನ್ನ ಜುಲೈ ಬಿಸಿಲಿಗೆ ಒಯ್ಯಬೇಡಿ, ಅದರಲ್ಲಿ ಎರಡು ಮಾತಿಲ್ಲ. 2319 ಅಂದರೆ 2019ರ 23ನೇ ವಾರ. ಟ್ರೈಲರ್ ಟೈರು ಸವೆದು ಸಾಯೋದು ಅಪರೂಪ, ವಯಸ್ಸಾಗಿ ಸಾಯ್ತದೆ. ತಿಂಗಳುಗಟ್ಟಲೆ ಒಂದೇ ಕಡೆ ಭಾರ ಹೊತ್ತು ಬಿಸಿಲಲ್ಲಿ ನಿಂತಿರ್ತದೆ, ರಬ್ಬರು ಒಣಗ್ತದೆ. ಮೇಲೆ ಟ್ರೆಡ್ ಹೊಸದರ ಹಾಗಿದ್ದರೂ ಒಳಗೆ ಉಕ್ಕಿನ ಬೆಲ್ಟ್ ರಬ್ಬರಿನಿಂದ ಬಿಡೋಕೆ ಶುರು ಆಗಿರಬಹುದು. ಐದು ವರ್ಷ ದಾಟಿದ ಮೇಲೆ ಟ್ರೆಡ್ ನೋಡಿ ತೀರ್ಮಾನ ಮಾಡೋದು ತಪ್ಪು.

ಇನ್ನು ನಿಮ್ಮ ಲೆಕ್ಕ. 9,240ನ್ನ ನಾಲ್ಕರಿಂದ ಭಾಗಿಸಿದರೆ ಟೈರಿಗೆ 2,310 ಬರ್ತದೆ, ನಿಜ. ಆದರೆ ಟ್ರೈಲರು ತನ್ನ ಭಾರವನ್ನ ನಾಲ್ಕು ಪಾಲು ಮಾಡಿ ಕೊಡೋದಿಲ್ಲ. ಅಡುಗೆಮನೆ, ಫ್ರಿಜ್ಜು, ಹೊರಕ್ಕೆ ಚಾಚೋ ಕೋಣೆ ಅಂದರೆ ಸ್ಲೈಡ್‌ಔಟ್ ಒಂದೇ ಮಗ್ಗುಲಲ್ಲಿದ್ದರೆ ಆ ಮಗ್ಗುಲಿನ ಎರಡು ಟೈರೇ ದುಡೀತವೆ. ನೀರಿನ ಟ್ಯಾಂಕು ಎಲ್ಲಿದೆ ಅಂತಲೂ ನೋಡಿ. ಒಂದು ಗ್ಯಾಲನ್ನಿಗೆ 8.3 ಪೌಂಡು, 50 ಗ್ಯಾಲನ್ ಅಂದರೆ 400 ಪೌಂಡಿನ ಮೇಲೆ. ಟೈರು ಒಡೆಯೋದು ಸರಾಸರಿ ಭಾರಕ್ಕಲ್ಲ, ಅತಿ ಹೆಚ್ಚು ಹೊತ್ತ ಒಂದು ಚಕ್ರದಲ್ಲಿ.

ಕ್ಯಾಟ್ ಸ್ಕೇಲು ಆಕ್ಸಲ್‌ಗಳ ತೂಕ ಹೇಳ್ತದೆ, ಚಕ್ರದ್ದಲ್ಲ. ನೀವು ಹ್ಯೂಸ್ಟನ್‌ನಲ್ಲಿದ್ದೀರಿ, ಲಿವಿಂಗ್‌ಸ್ಟನ್ ದೂರವಿಲ್ಲ. ಅಲ್ಲಿ ಎಸ್ಕೇಪೀಸ್ ಆರ್‌ವಿ ಕ್ಲಬ್ಬಿನವರು ಚಕ್ರ ಚಕ್ರವಾಗಿ ತೂಗಿ ಕೊಡ್ತಾರೆ. ಪ್ರವಾಸಕ್ಕೆ ಹೊರಟ ಹಾಗೇ ತುಂಬಿಸಿಕೊಂಡು, ವೇಟ್ ಡಿಸ್ಟ್ರಿಬ್ಯೂಷನ್ ಬಾರ್ (ಟ್ರೈಲರಿನ ಮೂತಿಯ ಭಾರವನ್ನ ಆಕ್ಸಲ್‌ಗಳಿಗೆ ಹಂಚೋ ಸರಳು) ಹಾಕಿಕೊಂಡೇ ಹೋಗಿ. ಬಾರ್ ಬಿಚ್ಚಿದರೆ ಆಕ್ಸಲಿನ ಮೇಲಿನ ಭಾರ ಬದಲಾಗ್ತದೆ. ಆ ನಾಲ್ಕು ಅಂಕಿ ಕೈಗೆ ಬರೋವರೆಗೆ ಟೈರು ಆರ್ಡರ್ ಮಾಡಬೇಡಿ.

ತೀರ್ಥಹಳ್ಳಿ_ಟು_ಟೂಸಾನ್

ಎಲ್‌ಟಿ ಮಾತಿಗೆ ಉತ್ತರ. ಎಲ್‌ಟಿ ಪಿಕಪ್ ಟ್ರಕ್ಕಿನ ಟೈರು, ಒಳ್ಳೇದೇ. ಆದರೆ ಸೈಡ್‌ವಾಲ್ ಮೇಲಿನ ಅಂಕಿ ಓದಿ. ಎಲ್‌ಟಿ225/75ಆರ್16 ಲೋಡ್ ರೇಂಜ್ ಇ 80 ಪಿಎಸ್ಐ ಗಾಳಿ ಒತ್ತಡದಲ್ಲಿ 2,680 ಪೌಂಡು ಹೊರ್ತದೆ. ನಿಮ್ಮ ಈಗಿನ 15 ಇಂಚಿನ ಎಸ್‌ಟಿ ಅದೇ ಗಾಳಿಯಲ್ಲಿ 2,830. ರಿಮ್ಮೂ ಬದಲಾಯಿಸಿ, ದುಡ್ಡೂ ಕೊಟ್ಟು, ಶಕ್ತಿ ಕಡಿಮೆ ಮಾಡಿಕೊಂಡ ಹಾಗಾಯ್ತು. ಜೋಡಿಗೆ 5,360, ನಿಮ್ಮ 5,200ರ ಆಕ್ಸಲಿಗೆ ಮೂರು ಪರ್ಸೆಂಟ್ ಮಾತ್ರ ಉಳೀತದೆ. ಲೋಡ್ ರೇಂಜ್ ಇಗೆ ಹೇಳೋ '10 ಪ್ಲೈ' (ಹತ್ತು ಪದರ) ಅನ್ನೋ ಮಾತಿಗೂ ಮರುಳಾಗಬೇಡಿ. ಅದು ಗಟ್ಟಿತನದ ದರ್ಜೆ, ಒಳಗೆ ಹತ್ತು ಪದರ ಇರೋದಿಲ್ಲ. ನಿಜವಾದ ಪದರ ಸೈಡ್‌ವಾಲಿನಲ್ಲೇ ಚಿಕ್ಕ ಅಕ್ಷರದಲ್ಲಿ ಅಚ್ಚಾಗಿರ್ತದೆ: ಪಾಲಿಯೆಸ್ಟರ್ ಎರಡು, ಸ್ಟೀಲ್ ಎರಡು, ನೈಲಾನ್ ಒಂದು, ಹೀಗೆ. ಆ ನೈಲಾನ್ ಇದೆಯಾ ನೋಡಿ. ಬೆಲ್ಟಿನ ಮೇಲೆ ಬಿಗಿದ ಪಟ್ಟಿ ಅದು. ಬಿಸಿಯಲ್ಲಿ ಬೆಲ್ಟ್ ಎದ್ದು ಬರದ ಹಾಗೆ ಹಿಡಿದಿಡ್ತದೆ.

ವೇಗದ ದರ್ಜೆಯನ್ನೂ ಓದಿ. ಹಳೇ ಎಸ್‌ಟಿ ಟೈರುಗಳಲ್ಲಿ ವೇಗದ ಅಕ್ಷರವೇ ಇಲ್ಲದಿದ್ದರೆ 65 ಮೈಲಿ ಮಿತಿ ಅಂತ ತಿಳೀಬೇಕು. ಎಲ್ ಅಂದರೆ 75, ಎಂ ಅಂದರೆ 81, ಎನ್ ಅಂದರೆ 87. ಗುಡ್‌ಇಯರ್ ಎಂಡ್ಯೂರೆನ್ಸ್ ಎನ್ ದರ್ಜೆಯದು. ಹಾಗಂತ ಅಷ್ಟು ವೇಗದಲ್ಲಿ ಓಡಿಸಿ ಅಂತಲ್ಲ. ಅರಿಜೋನಾದಲ್ಲಿ 75ರ ಬೋರ್ಡ್ ಇದ್ದರೂ ನೀವು 65ರಲ್ಲೇ ಇರಿ. ದರ್ಜೆ ಹೆಚ್ಚಿದ್ದಷ್ಟೂ ಬಿಸಿ ತಡೆಯೋ ಅಂಚು ಹೆಚ್ಚು, ಅದಕ್ಕೆ ಕೊಡೋ ದುಡ್ಡು ವ್ಯರ್ಥವಲ್ಲ.

ಘಟಪ್ರಭಾ_ಹ್ಯೂಸ್ಟನ್

ತೂಗಿಸಿಕೊಂಡು ಬಂದೆ. ಎಡಗಡೆ ಮುಂದಿನದು 2,470, ಎಡಗಡೆ ಹಿಂದಿನದು 2,640. ಬಲಗಡೆ ಮುಂದೆ 2,050, ಹಿಂದೆ 2,080. ಗಾಲಿ_ಕೀಲು ಅವರು ಹೇಳಿದ್ದೇ ಸರಿ, ಅಡುಗೆಮನೆ, ಸ್ಲೈಡ್ ಎರಡೂ ಎಡಕ್ಕೇ ಇವೆ.

ಗಾಲಿ_ಕೀಲು

ನೋಡಿ, ಎಡ ಬಲಕ್ಕೆ ಹೆಚ್ಚೂಕಮ್ಮಿ ಸಾವಿರ ಪೌಂಡು ವ್ಯತ್ಯಾಸ. ಎಡಗಡೆ ಹಿಂದಿನ ಟೈರು 2,830ರಲ್ಲಿ 2,640 ಹೊತ್ತಿದೆ, 93 ಪರ್ಸೆಂಟ್. ನನ್ನ ಮಟ್ಟಿಗೆ 85 ದಾಟಬಾರದು. ಗುಂಡಿಗೆ ಬಿದ್ದಾಗ, ಗಾಳಿ ಐದಾರು ಪಿಎಸ್ಐ ಇಳಿದಾಗ ಆ ಏಳು ಪರ್ಸೆಂಟ್ ಎಲ್ಲಿರ್ತದೆ?

ಮೊದಲು ದುಡ್ಡಿಲ್ಲದ ಕೆಲಸ: ಅಕ್ಕಿ ಮೂಟೆ, ಟೂಲ್ ಬಾಕ್ಸು, ಗ್ರೈಂಡರು ಬಲಗಡೆಗೆ, ಆಕ್ಸಲಿನ ನೇರಕ್ಕೆ ಇಡಿ. ಹಿಂದಿನ ಆಕ್ಸಲಿಗೆ ಭಾರ ಜಾಸ್ತಿ ಇರೋದು ನೋಡಿದರೆ ಟ್ರೈಲರಿನ ಮೂತಿ ಎದ್ದಿರೋ ಅನುಮಾನ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಾಸಿಯ ಮುಂದಿನ ತುದಿ, ಹಿಂದಿನ ತುದಿ ನೆಲದಿಂದ ಎಷ್ಟಿದೆ ಅಂತ ಟೇಪು ಹಿಡಿದು ಅಳೀರಿ. ಮುಂದೆ ಎತ್ತರ ಇದ್ದರೆ ಹಿಚ್ಚಿನ ಬಾಲ್ (ಟ್ರೈಲರನ್ನ ಸಿಕ್ಕಿಸೋ ಗುಂಡು) ಒಂದು ತೂತು ಕೆಳಗಿಳಿಸಿ. ಆದರೂ ನನ್ನ ಸಲಹೆ 16 ಇಂಚು. ಎಸ್‌ಟಿ235/80ಆರ್16 ಲೋಡ್ ರೇಂಜ್ ಇ ಕಂಪನಿ ನೋಡಿಕೊಂಡು 3,420ರಿಂದ 3,520 ಹೊರ್ತದೆ, ಅದೇ 80 ಪಿಎಸ್ಐನಲ್ಲಿ. 3,420 ಅಂತಲೇ ಹಿಡಿದರೂ ನಿಮ್ಮ ಅತಿ ಭಾರದ ಚಕ್ರ 77 ಪರ್ಸೆಂಟಿಗೆ ಬರ್ತದೆ.

ತೀರ್ಥಹಳ್ಳಿ_ಟು_ಟೂಸಾನ್

16 ಸರಿ, ಜಾಗ ಇದ್ದರೆ ಮಾತ್ರ. ಈಗಿನ ಟೈರಿನ ವ್ಯಾಸ 28.3 ಇಂಚು, ಅದು 30.8. ಎರಡು ಹಬ್ಬುಗಳ ನಡುವಿನ ದೂರ 33 ಇಂಚಿದ್ದರೆ ಟೈರು ಟೈರಿನ ಮಧ್ಯೆ ಉಳಿಯೋದು ಎರಡು ಇಂಚು ಚಿಲ್ಲರೆ. ಸ್ಪ್ರಿಂಗ್ ಕುಣಿದಾಗ ಈಕ್ವಲೈಜರ್ (ಎರಡು ಆಕ್ಸಲಿನ ಸ್ಪ್ರಿಂಗ್ ಜೋಡಿಸೋ ತೂಗುಪಟ್ಟಿ) ಆಕ್ಸಲನ್ನ ಹಿಂದೆ ಮುಂದೆ ಜರುಗಿಸ್ತದೆ, ಅದಕ್ಕೂ ಜಾಗ ಬೇಕು. ಈಗಿನ ಟೈರಿನ ನೆತ್ತಿಯಿಂದ ವೀಲ್‌ವೆಲ್ ತಗಡಿಗೆ, ಸ್ಲೈಡಿನ ತಳಕ್ಕೆ ಎಷ್ಟಿದೆ ಅಳೆದು, ಅದರಲ್ಲಿ ಒಂದೂಕಾಲು ಇಂಚು ಕಳೀರಿ. ಆಮೇಲೂ ಮೂರು ಇಂಚು ಉಳಿಯದಿದ್ದರೆ 15ರಲ್ಲೇ ಇದ್ದು ಭಾರ ಇಳಿಸೋದೇ ದಾರಿ. ಟ್ರೈಲರ್ ಎತ್ತರ ಆಗೋದರಿಂದ ಬಾಲ್ ಎತ್ತರವನ್ನ ಇನ್ನೊಮ್ಮೆ ನೋಡಬೇಕು. ಟೈರು ದೊಡ್ಡದಾದರೆ ಬ್ರೇಕಿನ ಹಿಡಿತ ಎಂಟೊಂಬತ್ತು ಪರ್ಸೆಂಟ್ ತಗ್ಗೋದರಿಂದ ಬ್ರೇಕ್ ಕಂಟ್ರೋಲರಿನ ಗೇನ್ (ಟ್ರೈಲರ್ ಬ್ರೇಕಿಗೆ ಹೋಗೋ ಬಲ) ಸ್ವಲ್ಪ ಏರಿಸಿ.

ರಿಮ್ ಹಿಂಬದಿಯಲ್ಲಿ ಅದರ ಗರಿಷ್ಠ ಭಾರ, ಗಾಳಿ ಕೊರೆದಿರ್ತಾರೆ. 3,420ರ ಟೈರನ್ನ 2,830ರ ರಿಮ್ಮಿಗೆ ಹಾಕಿದರೆ ನಿಮ್ಮ ಮಿತಿ 2,830ರಲ್ಲೇ ನಿಂತಿತು. ಸ್ಟೆಪ್ನಿಗೂ ಅದೇ ಸೈಜು, ಅಂದರೆ ಐದು ಟೈರು, ಐದು ರಿಮ್ಮು.

ನಟ್ಟು_ಬೋಲ್ಟು_ಡೆನ್ವರ್

ಫಿಟ್ಟಿಂಗ್ ದಿನಕ್ಕೆ ನನ್ನದೊಂದಿಷ್ಟು. ಅಂಗಡಿಗೆ ಹೋದಾಗ ಹಾಕೋ ಮೊದಲೇ ಐದೂ ಟೈರಿನ ಡಾಟ್ ಕೋಡು ಓದಿ. ಪೂರ್ತಿ ಕೋಡು ಒಂದೇ ಮಗ್ಗುಲಲ್ಲಿ ಇರೋದುಂಟು, ಆ ಮಗ್ಗುಲು ಒಳಗೆ ಹೋದರೆ ಆಮೇಲೆ ಟ್ರೈಲರಿನ ಕೆಳಗೆ ಮಲಗೇ ಓದಬೇಕು. ಆರು ತಿಂಗಳಿಗಿಂತ ಹಳೇ ಸ್ಟಾಕು ಕೊಟ್ಟರೆ ಬೇಡ ಅನ್ನಿ.

ಕಾರಿಗೆ ಹಾಕೋ ಮಾಮೂಲಿ ರಬ್ಬರ್ ವಾಲ್ವು 65 ಪಿಎಸ್ಐವರೆಗೆ ಮಾತ್ರ. ಲೋಹದ, ನಟ್ ಬಿಗಿಯೋ ವಾಲ್ವು ಕೇಳಿ ಹಾಕಿಸಿ. ಟಿಪಿಎಂಎಸ್ (ಗಾಳಿ ಒತ್ತಡ ತೋರಿಸೋ) ಸೆನ್ಸರ್ ವಾಲ್ವಿನ ತುದಿಗೆ ತಿರುಗಿಸೋದಾದರೆ ಇದು ಬೇಕೇ ಬೇಕು. ಸೆನ್ಸರಿನ ತೂಕಕ್ಕೆ ರಬ್ಬರ್ ಬುಡ ಬಾಗಿ ಬಾಗಿ ಸೀಳ್ತದೆ.

ಜಾಕನ್ನ ಚಾಸಿಗೆ ಕೊಡಿ, ಆಕ್ಸಲಿನ ಕೊಳವೆಗೆ ಕೊಡಬೇಡಿ. ಕೊಳವೆ ಬಾಗಿದರೆ ಟೈರಿನ ಒಳ ಅಂಚು ಸವೀತದೆ, ಹೊಸ ಟೈರು ಒಂದೇ ಬೇಸಿಗೆಗೆ ಹಾಳು. ಅರ್ಧ ಇಂಚಿನ ಸ್ಟಡ್ ಆದರೆ ನಟ್ಟನ್ನ ನಕ್ಷತ್ರದ ಹಾಗೆ ಎದುರು ಬದುರಾಗಿ, ಮೊದಲು 20–25, ಆಮೇಲೆ 50–60, ಕೊನೆಗೆ 90–120 ಅಡಿ-ಪೌಂಡಿಗೆ ಟಾರ್ಕ್ ವ್ರೆಂಚಿನಿಂದ ಬಿಗಿಯಿರಿ. 10, 25, 50 ಮೈಲಿ ಆದ ಮೇಲೆ ಮತ್ತೆ ನೋಡಿ. ಹೊಸ ರಿಮ್ಮು ಹಬ್ಬಿಗೆ ಕೂರೋವರೆಗೆ ನಟ್ ಸಡಿಲ ಆಗ್ತಲೇ ಇರ್ತದೆ.

ಗಾಳಿ ಬೆಳಿಗ್ಗೆ, ಬಿಸಿಲು ಬೀಳೋ ಮುಂಚೆ, ಸೈಡ್‌ವಾಲಿನಲ್ಲಿ ಬರೆದಷ್ಟು ಪೂರ್ತಿ: 80. ಮಧ್ಯಾಹ್ನ 92, 95 ತೋರಿಸಿದರೆ ಹೆದರಿ ಬಿಡಬೇಡಿ. ಓಡಿ ಕಾದ ಟೈರಿನಲ್ಲಿ ಅಷ್ಟು ಏರೋದು ಸಹಜ. ಆಗ ಗಾಳಿ ಬಿಟ್ಟರೆ ರಾತ್ರಿ ತಣ್ಣಗಾದಾಗ 70ಕ್ಕೆ ಇಳಿದಿರ್ತದೆ. ಕಡಿಮೆ ಗಾಳಿಯಲ್ಲಿ ಸೈಡ್‌ವಾಲ್ ಹೆಚ್ಚು ಬಾಗ್ತದೆ, ಬಿಸಿ ಹುಟ್ಟೋದೇ ಆ ಬಾಗುವಿಕೆಯಿಂದ. ಟಿಪಿಎಂಎಸ್ ಅಲಾರಂ 70ಕ್ಕೆ ಇಡಿ.

ಕ್ಯಾಂಪ್‌ಸೈಟಿನಲ್ಲಿ ಒಂದೇ ಏಟಿಗೆ ತಿರುಗಿಸಿ ಹಿಂದೆ ಬಿಡೋ ಅಭ್ಯಾಸ ಇದ್ದರೆ ನಿಲ್ಲಿಸಿ. ಎರಡು ಆಕ್ಸಲಿನ ಟ್ರೈಲರನ್ನ ಬಿಗಿಯಾಗಿ ತಿರುಗಿಸಿದಾಗ ಟೈರು ಉರುಳೋದಿಲ್ಲ, ಅಡ್ಡಡ್ಡ ತೆವಳ್ತದೆ. ಹಿಂದೆ ಬಂದು ಒಮ್ಮೆ ನೋಡಿ, ಟೈರಿನ ಬುಡ ರಿಮ್ಮಿನಿಂದ ಆಚೆ ತಿರುಚಿ ನಿಂತಿರ್ತದೆ. ಬೆಲ್ಟಿನ ಅಂಚು ಹರಿಯೋಕೆ ಶುರು ಆಗೋದು ಅಲ್ಲೇ. ಎರಡು ಮೂರು ಸಲ ಮುಂದೆ ಹಿಂದೆ ಮಾಡಿ ಅಗಲವಾಗಿ ತಿರುಗಿಸಿ.

ಗಾಲಿ_ಕೀಲು

ಒಂದು ಬಿಟ್ಟುಹೋಗಿತ್ತು. ದಾರಿಯಲ್ಲಿ ಒಂದು ಟೈರು ಹೋದರೆ ಅದೊಂದನ್ನೇ ಬದಲಾಯಿಸಿ ಮುಂದೆ ಹೋಗಬೇಡಿ. ನೀವು ನಿಲ್ಲಿಸೋವರೆಗೆ ಅದೇ ಮಗ್ಗುಲಿನ ಇನ್ನೊಂದು ಟೈರು ಎರಡರ ಭಾರ ಹೊತ್ತಿರ್ತದೆ. ನಿಮ್ಮ ಎಡಗಡೆಗೆ ಅದು 5,000 ಪೌಂಡಿನ ಮೇಲೆ. ಹೊರಗೆ ಏನೂ ಕಾಣಿಸೋದಿಲ್ಲ, ಒಳಗೆ ಪದರ ನೊಂದಿರ್ತದೆ, ಎರಡು ದಿನ ಬಿಟ್ಟು ಅದೂ ಒಡೀತದೆ. ಮುಂದಿನ ಊರಿನಲ್ಲಿ ಆ ಇನ್ನೊಂದು ಟೈರನ್ನ ರಿಮ್ಮಿನಿಂದ ಬಿಚ್ಚಿಸಿ ಒಳಗೆ ನೋಡಿಸಿ. ಖಾಲಿ ಟೈರಿನ ಜೊತೆ ತುಂಬಾ ಮೈಲಿ ಓಡಿದ್ದರೆ ಅದನ್ನೂ ಬದಲಾಯಿಸಿ.