ಕಾರ್ಪೆಟ್ಟಿಗೆ ಹಿಡಿದದ್ದು ಬೂಷ್ಟೋ ಮುಗ್ಗಲೋ?

ಪ್ರಶ್ನೆ:
ನಮಸ್ಕಾರ. ಮನೆಯ ನೆಲಹಾಸುಗಳ ಆರೈಕೆ ಕುರಿತ ಕಿರುಹೊತ್ತಿಗೆಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಕರಡಿನಲ್ಲಿ, ತೇವ ಹಿಡಿದ ಹಾಸಿನ ಮೇಲೆ ಬೆಳೆಯುವ ‘ಮಿಲ್ಡ್ಯೂ’ಗೆ ‘ಶಿಲೀಂಧ್ರ’ ಎಂದೂ ಅದರ ವಾಸನೆಗೆ ‘ಶಿಲೀಂಧ್ರದ ದುರ್ಗಂಧ’ ಎಂದೂ ಹಾಕಿದ್ದಾರೆ. ಮನೆಮಾತಿನಲ್ಲಿ ಯಾರೂ ಹೀಗೆ ಹೇಳುವುದಿಲ್ಲ. ಬೂಷ್ಟು, ಬೂಜು, ಮುಗ್ಗಲು, ಕಮಟು ಇವುಗಳಲ್ಲಿ ಯಾವುದು ಸಲ್ಲುತ್ತದೆ? ಕಾರ್ಪೆಟ್ಟಿಗೆ ಜಮಖಾನ ಎನ್ನಬಹುದೇ? ‘ಸೋಡಾ ಹಾಕಿ’ ಎಂದರೆ ಓದುಗರಿಗೆ ಸಾಕೇ?

ಉತ್ತರ:
ಬೂಷ್ಟು ಕಣ್ಣಿಗೆ ಕಾಣುವಂಥದ್ದು, ಮುಗ್ಗಲು ಮೂಗಿಗೆ ಬಡಿಯುವಂಥದ್ದು. ಉಪ್ಪಿನಕಾಯಿಯ ಮೇಲೆ ಬಿಳಿಯಾಗಿ ಕಟ್ಟುವುದು ಬೂಷ್ಟು. ತೇವದಲ್ಲಿಟ್ಟ ಅಕ್ಕಿ, ಒದ್ದೆಯಾಗಿಯೇ ಮಡಿಸಿಟ್ಟ ಬಟ್ಟೆ ಮುಗ್ಗುತ್ತದೆ. ಬೂಜು, ಬೂಸಲು ಎಂಬವು ಬೂಷ್ಟಿನ ಬಳಗದವೇ, ಊರಿಂದೂರಿಗೆ ರೂಪ ಬೇರೆ. ಕಮಟು ಹಳಸಿದ ಎಣ್ಣೆ-ತುಪ್ಪದ ವಾಸನೆ, ಇಲ್ಲಿಗೆ ಹೊಂದದು.

ಹೊತ್ತಿಗೆಯಲ್ಲಿ ಬೂಷ್ಟು, ಮುಗ್ಗಲು ಎರಡೂ ಇರಲಿ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಬರಬಾರದು. ಬರೀ ಮುಗ್ಗಲಾದರೆ ಒಣಗಿಸಿ ಸೋಡಾ ಉದುರಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಬೂಷ್ಟು ಕಂಡರೆ ನೆಲಹಾಸನ್ನು ಮೊದಲು ಹೊರಗೆ ಒಯ್ಯಬೇಕು, ಮೂಗು-ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಬ್ರಷ್‌ನಿಂದ ತೆಗೆಯಬೇಕು. ಒಳಗೇ ಕೊಡವಿದರೆ ಅದರ ಬೀಜಕಣಗಳು ಮನೆಯಿಡೀ ಹರಡುತ್ತವೆ. ‘ಶಿಲೀಂಧ್ರ’ವನ್ನು ಕಾರಣ ವಿವರಿಸುವ ಕಡೆ ಒಮ್ಮೆ ಬಳಸಿದರೆ ಸಾಕು.

ಜಮಖಾನ ಎಂದರೆ ನವಲಗುಂದದಲ್ಲಿ ನೇಯುವಂಥ ಹತ್ತಿಯ ಹಾಸು, ಮೇಲೆ ಎಳೆ ನಿಂತಿರುವುದಿಲ್ಲ. ದಟ್ಟವಾಗಿ ಎಳೆ ನಿಂತದ್ದು ರತ್ನಗಂಬಳಿ. ಹಿಂಬದಿಗೆ ರಬ್ಬರಿನಂಥ ಅಂಟು ಬಳಿದು ಬಟ್ಟೆ ಕೂಡಿಸಿದ ಅಂಗಡಿಯ ಮಾಲಿಗೆ ಜನ ಕಾರ್ಪೆಟ್ ಎಂದೇ ಅನ್ನುತ್ತಾರೆ, ಹಾಗೆಯೇ ಬಿಡಿ. ಈ ಮೂರನ್ನೂ ಕಲಸಿದರೆ ಓದುಗರು ದಾರಿ ತಪ್ಪುತ್ತಾರೆ. ಜಮಖಾನವನ್ನು, ಬಣ್ಣ ಬಿಡುವುದಿಲ್ಲವೆಂದು ಖಚಿತವಾದರೆ, ನೀರಿನಲ್ಲಿ ಒಗೆದು ಹರವಬಹುದು. ಕಾರ್ಪೆಟ್ಟನ್ನು ಹಾಗೆ ನೆನೆಸಿದರೆ ಮೇಲಿನ ಎಳೆ ಒಣಗಿದರೂ ಹಿಂಬದಿಯ ಬಟ್ಟೆ ಒದ್ದೆಯಾಗಿಯೇ ಉಳಿದು ಎರಡು ದಿನದೊಳಗೆ ಮತ್ತೆ ಮುಗ್ಗುತ್ತದೆ.

‘ಸೋಡಾ’ ಎಂದಷ್ಟೇ ಬರೆಯುವುದು ಅಪಾಯ. ‘ಅಡುಗೆ ಸೋಡಾ’ ಎಂದೇ ಬರೆಯಿರಿ. ಬಟ್ಟೆ ಸೋಡಾ ತೀಕ್ಷ್ಣ ಕ್ಷಾರ, ಉಣ್ಣೆಯನ್ನು ಒರಟಾಗಿಸಿ ಬಣ್ಣ ಕೆಡಿಸುತ್ತದೆ. ನಾಲ್ಕು ಅಡಿಗೆ ಆರು ಅಡಿಯ ನೆಲಹಾಸಿಗೆ ಸುಮಾರು 200 ಗ್ರಾಂ ಬೇಕು. ಇಲ್ಲಿ ಕ್ರಿಯಾಪದವೂ ಮುಖ್ಯ: ‘ಹಾಕಿ’ ಅಲ್ಲ, ‘ಪೂರ್ತಿ ಒಣಗಿದ ಮೇಲೆ ಜರಡಿಯಿಂದ ಉದುರಿಸಿ’. ಒದ್ದೆಯ ಮೇಲೆ ಬಿದ್ದ ಸೋಡಾ ಎಳೆಯ ಬುಡದಲ್ಲಿ ಗಟ್ಟಿಕಟ್ಟಿ ಹೊರಗೆ ಬರುವುದೇ ಇಲ್ಲ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಎರಡೂ ಬದಿ ವ್ಯಾಕ್ಯೂಮ್ ಮಾಡಬೇಕು. ವ್ಯಾಕ್ಯೂಮ್ ಇಲ್ಲದವರು ಹೊರಗೆ ಮಗುಚಿ ಹಾಕಿ ಕೋಲಿನಿಂದ ತಟ್ಟಲಿ.

ಬಿಳಿ ವಿನೆಗರ್‌ಗೆ ‘ಚಿಮುಕಿಸಿ’ ಒಳ್ಳೆಯ ಪದ. ಸಮಪಾಲು ನೀರು ಬೆರೆಸಿ, ಮೊದಲು ಅದರಲ್ಲಿ ಅದ್ದಿದ ಬಿಳಿ ಬಟ್ಟೆಯನ್ನು ಮೂಲೆಯಲ್ಲಿ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿ, ಎಳೆಯ ತುದಿ ಮಾತ್ರ ನೆನೆಯುವಷ್ಟು ಚಿಮುಕಿಸಬೇಕು. ಅದು ಒಣಗಿದ ನಂತರವೇ ಸೋಡಾ. ಎರಡನ್ನೂ ಒಟ್ಟಿಗೆ ಹಾಕಿದರೆ ನೊರೆ ಬರುತ್ತದೆ, ಕೆಲಸ ಆಗುವುದಿಲ್ಲ. ಒಂದು ಇನ್ನೊಂದರ ಗುಣ ಕಳೆದು ಉಪ್ಪುನೀರು ಉಳಿಯುತ್ತದೆ. ಬ್ಲೀಚ್ ಉಣ್ಣೆಯನ್ನೇ ತಿಂದುಹಾಕುತ್ತದೆ. ಅದನ್ನು ವಿನೆಗರ್‌ಗೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ, ಇದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿಸಿ.

ಮತ್ತೊಂದು ಉತ್ತರ:
ಮೇಲಿನ ಮಾತನ್ನು ಒಪ್ಪುತ್ತಾ ಒಂದು ಸೇರಿಸುತ್ತೇನೆ. ಕರಡಿನಲ್ಲಿ ‘ಬಿಸಿಲಿಗೆ ಆರಹಾಕಿ’ ಎಂದಷ್ಟೇ ಇದ್ದರೆ ಸಾಲದು. ಆರಹಾಕುವುದು ಕೆಲಸ, ಒಣಗುವುದು ಅದರ ಫಲ. ಬಣ್ಣ ಮಾಸದಂತೆ ಮೇಲ್ಮುಖ ಕೆಳಗೆ ಮಾಡಿ ಬಿಸಿಲಿಗೆ ಹಾಕಬೇಕು. ಒಣಗಿದ್ದನ್ನು ಹಿಂಬದಿಯಲ್ಲೇ ಪರೀಕ್ಷಿಸಬೇಕು: ಪತ್ರಿಕೆಯ ಹಾಳೆಯನ್ನು ಹಿಂಬದಿಗೆ ಒತ್ತಿ, ಮೇಲೆ ತೂಕವಿಟ್ಟು, ಗಂಟೆಯ ನಂತರ ಹಾಳೆ ಮೆತ್ತಗಾಗಿದ್ದರೆ ಇನ್ನೂ ಒಣಗಿಲ್ಲ.

‘ನೆಲ ಬೆವರುತ್ತದೆ’ ಎಂಬ ಮಾತು ಮಲೆನಾಡು, ಕರಾವಳಿಯ ಓದುಗರಿಗೆ ನೇರ ಮುಟ್ಟುತ್ತದೆ, ಬಳಸಿ. ಆದರೆ ಗಾಳಿಯ ತೇವ ತಣ್ಣನೆಯ ನೆಲದ ಮೇಲೆ ಹನಿಗಟ್ಟುವುದು ಬೇರೆ, ಮಣ್ಣಿನಿಂದ ತೇವ ಮೇಲೇರುವುದು ಬೇರೆ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದು ದಿನ ಬಿಟ್ಟು ನೋಡಬೇಕು. ಹನಿ ಹಾಳೆಯ ಮೇಲ್ಗಡೆ ಇದ್ದರೆ ಗಾಳಿಯದು, ಕಿಟಕಿ ಮುಚ್ಚಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಟ್ಟು ಕೋಣೆಯ ಗಾಳಿಯ ಸಾಪೇಕ್ಷ ತೇವಾಂಶವನ್ನು 60%ಕ್ಕಿಂತ ಕೆಳಗಿಳಿಸಬಹುದು. ಹಾಳೆಯ ಅಡಿಗಿದ್ದರೆ ನೆಲದ್ದು. ಅಂಥ ಕೋಣೆಯಲ್ಲಿ ಸೋಡಾ, ವಿನೆಗರ್ ಏನು ಬಳಸಿದರೂ ಮುಗ್ಗಲು ಮರಳಿ ಬರುತ್ತದೆ. ಮಳೆಗಾಲ ಮುಗಿಯುವವರೆಗೆ ಅಲ್ಲಿ ಹಾಸಬಾರದು. ಒಣಗಿಸಿ, ಸುರುಳಿ ಸುತ್ತಿ, ಹಳೆಯ ಹತ್ತಿಪಂಚೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಡುವುದು ಸರಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಉಳಿದ ಅಷ್ಟಿಷ್ಟು ತೇವವೂ ಒಳಗೇ ಸಿಕ್ಕಿಬಿದ್ದು, ತೆರೆಯುವ ಹೊತ್ತಿಗೆ ಬೂಷ್ಟು ಕಟ್ಟಿರುತ್ತದೆ.