ಎರಡನೇ ಕ್ಲಾಸ್ ಮಗುವಿಗೆ ಹೋಂವರ್ಕ್ ಎಷ್ಟಿರಬೇಕು? ನಿಮ್ಮ ಅನುಭವ ಹೇಳಿ

ಕೇಳಿದವರು: ಚಿಕ್ಕಬಳ್ಳಾಪುರದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಏಳು ವರ್ಷ. ಇಲ್ಲೇ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಎರಡನೇ ಕ್ಲಾಸ್. ನಾಲ್ಕೂವರೆಗೆ ವ್ಯಾನ್ ಇಳಿಯುತ್ತಾಳೆ. ಡೈರಿ ತೆಗೆದರೆ ಕನ್ನಡ ಕಾಪಿ ಒಂದು ಪುಟ, ಇಂಗ್ಲಿಷ್ ಕಾಪಿ ಒಂದು ಪುಟ, ಮಗ್ಗಿ ಎರಡು ಸಲ, ಇವಿಎಸ್ (ಪರಿಸರ ಅಧ್ಯಯನ) ಪ್ರಶ್ನೆ ಉತ್ತರ, ಜೊತೆಗೆ ಡಿಕ್ಟೇಷನ್‌ಗೆ ಹತ್ತು ಪದ. ದಿನಾ ಇಷ್ಟು. ಏಳಕ್ಕೆ ಕೂತರೆ ಒಂಬತ್ತಾಗುತ್ತದೆ.

ನಮ್ಮ ಯಜಮಾನರು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ, ಮನೆ ಸೇರುವುದು ರಾತ್ರಿ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮನೆಯಲ್ಲಿ ಮಾತಾಡುವುದು ತೆಲುಗು, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಮೊನ್ನೆ ಮಗು ಬರೆಯುತ್ತಾ ಬರೆಯುತ್ತಾ ಪುಸ್ತಕದ ಮೇಲೇ ಮಲಗಿಬಿಟ್ಟಿತು. ಉಳಿದ ಅರ್ಧ ಪುಟ ನಾನೇ ಬರೆದೆ. ಮಗುವಿನ ಅಕ್ಷರದ ಹಾಗೆ ಕಾಣಲಿ ಅಂತ ಎಡಗೈಯಲ್ಲಿ ಬರೆದೆ. ಬರೆದ ಮೇಲೆ ಅಳು ಬಂತು. ನಾನು ಏನು ಕಲಿಸುತ್ತಿದ್ದೇನೆ ಅನ್ನಿಸಿತು.

ಇಷ್ಟು ಚಿಕ್ಕ ಮಕ್ಕಳಿಗೆ ಎಷ್ಟು ಹೋಂವರ್ಕ್ ಸರಿ? ಶಾಲೆಯಲ್ಲಿ ಹೇಳಿದರೆ ಮಿಸ್ಸು ಮಗುವಿನ ಮೇಲೆ ಬೇಜಾರು ಮಾಡಿಕೊಳ್ಳುತ್ತಾರಾ? ನೀವು ಹೇಗೆ ಮಾಡಿದಿರಿ, ದಯವಿಟ್ಟು ಹೇಳಿ.

ಚಿಂತಾಮಣಿಯಿಂದ, ಇಬ್ಬರು ಮಕ್ಕಳ ತಾಯಿ

ಅಕ್ಕ, ಮೊದಲು ಹೊತ್ತು ಬದಲಾಯಿಸಿ ನೋಡಿ. ನಮ್ಮ ಮನೆಯಲ್ಲೂ ಏಳು ಗಂಟೆ ಇತ್ತು. ಈಗ ಬಂದ ತಕ್ಷಣ ಹಾಲು, ತಿಂಡಿ, ಒಂದು ಗಂಟೆ ಬೀದಿಯಲ್ಲಿ ಆಟ. ಆರಕ್ಕೆ ಕೈಕಾಲು ತೊಳೆದು ಕೂರುತ್ತಾರೆ. ಅದೇ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಆಟ ಬಿಡಿಸಿ ಕೂರಿಸಿದ ದಿನ ಮಾತ್ರ ಎಷ್ಟು ಹೊತ್ತಾದರೂ ಮುಗಿಯುವುದಿಲ್ಲ.

ಗೌರಿಬಿದನೂರು ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕಿ

ಮೇಡಂ, ನೀವು ತಪ್ಪು ತಿಳಿಯಬೇಡಿ, ಎಡಗೈಯಲ್ಲಿ ಬರೆದ ತಾಯಿ ನೀವೊಬ್ಬರೇ ಅಲ್ಲ. ಅಂಥ ಪುಸ್ತಕಗಳನ್ನು ನಾನು ನೋಡಿದ್ದೇನೆ. ನೋಡಿದ ತಕ್ಷಣ ಗೊತ್ತಾಗುತ್ತದೆ. ಆಗ ನಾನು ಬೈಯುವುದಿಲ್ಲ. ಕೊಟ್ಟ ಕೆಲಸ ಜಾಸ್ತಿಯಾಯಿತು ಅಂತ ಅರ್ಥ ಮಾಡಿಕೊಳ್ಳುತ್ತೇನೆ.

ನಿಯಮ ಸ್ಪಷ್ಟವಾಗಿದೆ. ಒಂದು ಮತ್ತು ಎರಡನೇ ತರಗತಿಗೆ ಹೋಂವರ್ಕ್ ಕೊಡುವ ಹಾಗೇ ಇಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇದನ್ನು ಹೇಳಿತು. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ಬ್ಯಾಗಿನ ತೂಕದ ಆದೇಶ ಹೊರಡಿಸಿದಾಗಲೂ ಇದೇ ಮಾತು ಇತ್ತು. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ ಅಂತ ಇದೆ. ದಿನಕ್ಕಲ್ಲ, ವಾರಕ್ಕೆ. ಆರರಿಂದ ಎಂಟಕ್ಕೆ ಬಂದ ಮೇಲೆ ದಿನಕ್ಕೆ ಒಂದು ಗಂಟೆ. ಪುಟ್ಟ ಮಕ್ಕಳು ಸಂಜೆ ಏನು ಆಡಿದರು, ಏನು ಊಟ ಮಾಡಿದರು ಅಂತ ಮರುದಿನ ಕ್ಲಾಸಿನಲ್ಲಿ ಹೇಳಲಿ ಅಂತ ಆ ನೀತಿಯೇ ಹೇಳುತ್ತದೆ.

ನಾನು ನಲಿ-ಕಲಿ ತರಗತಿ ತೆಗೆದುಕೊಳ್ಳುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು, 2009-10ರಿಂದ ರಾಜ್ಯದ ಎಲ್ಲ ಕಡೆ ಬಂತು. ಇದರಲ್ಲಿ ಮಗು ಕಲಿಕಾ ಏಣಿಯನ್ನು, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಾಠಗಳನ್ನು, ತನ್ನ ವೇಗದಲ್ಲಿ ಹತ್ತುತ್ತಾ ಹೋಗುತ್ತದೆ. ಒಂದು ಮಗು ಹತ್ತನೇ ಮೆಟ್ಟಿಲಲ್ಲಿದ್ದರೆ ಪಕ್ಕದ ಮಗು ಆರನೆಯದರಲ್ಲಿರಬಹುದು. ಹಾಗಿರುವಾಗ ಎಲ್ಲರಿಗೂ ಒಂದೇ ಪುಟ ಕೊಟ್ಟು ಮನೆಗೆ ಕಳಿಸಿದರೆ ಏನು ಉಪಯೋಗ? ನಾನು ಹೇಳಿ ಕಳಿಸುವುದು ಒಂದೇ. ಮನೆಯಲ್ಲಿ ನೋಡಿದ ಒಂದು ವಸ್ತುವಿನ ಬಗ್ಗೆ ನಾಳೆ ಬಂದು ಮಾತಾಡು. ಒಬ್ಬ ಹುಡುಗ ಅಜ್ಜಿ ರಾಗಿ ಹಸನು ಮಾಡುವುದನ್ನು ಐದು ನಿಮಿಷ ಹೇಳಿದ. ಮೊರ ಹಿಡಿಯುವ ರೀತಿ ಕೈಯಲ್ಲಿ ಮಾಡಿ ತೋರಿಸಿದ. ಆಮೇಲೆ ಮೊರ, ಹೊಟ್ಟು, ಕಲ್ಲು ಈ ಮೂರು ಪದ ಬರೆಸಿದೆ. ಅವನು ಇವತ್ತಿಗೂ ಮರೆತಿಲ್ಲ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಮತ್ತು ಜೊತೆಗಾರರು ಹೋಂವರ್ಕ್ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ್ದರು. ದೊಡ್ಡ ತರಗತಿಗಳಲ್ಲಿ ಹೋಂವರ್ಕಿಗೂ ಕಲಿಕೆಗೂ ನಂಟು ಚೆನ್ನಾಗಿಯೇ ಕಂಡಿತು. ಚಿಕ್ಕ ತರಗತಿಗಳಲ್ಲಿ ಆ ನಂಟು ತುಂಬಾ ಸಡಿಲ. ಕೂಪರ್ ಹೇಳುವ ಲೆಕ್ಕ ಒಂದನೇ ತರಗತಿಗೆ ದಿನಕ್ಕೆ 10 ನಿಮಿಷ, ಆಮೇಲೆ ಒಂದೊಂದು ತರಗತಿ ಏರಿದ ಹಾಗೆ ಇನ್ನೂ 10 ನಿಮಿಷ. ಆ ಲೆಕ್ಕ ಹಿಡಿದರೂ ನಿಮ್ಮ ಮಗಳಿಗೆ ದಿನಕ್ಕೆ 20 ನಿಮಿಷ ಸಾಕು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಹೋಂವರ್ಕ್ ಕೇಳುವವರಲ್ಲಿ ಅಪ್ಪ ಅಮ್ಮಂದಿರೂ ಇದ್ದಾರೆ. "ಏನೂ ಬರೆಯೋಕೆ ಕೊಡಲ್ಲ, ಈ ಸ್ಕೂಲಲ್ಲಿ ಓದಿಸಲ್ಲ" ಅಂತ ನನ್ನ ಮುಂದೆಯೇ ಹೇಳಿ ಮಗುವನ್ನು ಬಿಡಿಸಿಕೊಂಡು ಹೋದವರಿದ್ದಾರೆ. ಖಾಸಗಿ ಶಾಲೆಯ ಮಿಸ್ಸುಗಳ ಮೇಲೆ ಈ ಒತ್ತಡ ಇನ್ನೂ ಜಾಸ್ತಿ. ಅದಕ್ಕೇ ನೀವು ಹೋಗಿ "ನಮಗೆ ಕಡಿಮೆ ಸಾಕು" ಅಂದರೆ ಎಷ್ಟೋ ಮಿಸ್ಸುಗಳಿಗೆ ಅದು ಸಹಾಯವೇ. ನಿಯಮ ತೋರಿಸಿ ಜಗಳಕ್ಕೆ ಶುರು ಮಾಡಬೇಡಿ. ಮಗು ಎಷ್ಟು ಹೊತ್ತಿಗೆ ಕೂತಿತು, ಎಷ್ಟು ಹೊತ್ತಿಗೆ ಎದ್ದಿತು ಅಂತ ಒಂದು ವಾರ ಡೈರಿಯಲ್ಲಿ ಬರೆದು ಕಳಿಸಿ. ಮಿಸ್ಸಿಗೆ ಅದು ಗೊತ್ತೇ ಇರುವುದಿಲ್ಲ, ನಿಜವಾಗಿಯೂ.

ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ತಾಯಿ

ನಮ್ಮದು ರೇಷ್ಮೆ ಮನೆ. ನಮ್ಮ ಕಥೆ ಸ್ವಲ್ಪ ಉದ್ದ, ಓದಿ.

ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಒಂದು ವಾರ ಮನೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಹುಟ್ಟಿದಾಗಿನಿಂದ ತಿಂದ ಸೊಪ್ಪೆಲ್ಲ ಒಂದು ಲೆಕ್ಕ, ಆ ವಾರ ತಿನ್ನುವ ಸೊಪ್ಪೇ ಇನ್ನೊಂದು ಲೆಕ್ಕ. ತೋಟದಿಂದ ಸೊಪ್ಪು ತರಬೇಕು, ಹಾಕಬೇಕು, ಮತ್ತೆ ತರಬೇಕು. ಹುಳು ಹಣ್ಣಾದ ದಿನ, ಅಂದರೆ ಗೂಡು ಕಟ್ಟಲು ತಯಾರಾದ ದಿನ ಅಂತೂ ಅತ್ತೆ, ನಾನು, ಮೈದುನ, ಕೂಲಿಯವರು ಎಲ್ಲರೂ ಹುಳು ಆರಿಸಿ ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟಿಗೆ) ಬಿಡಬೇಕು. ಅವತ್ತು ಅಡುಗೆಯೂ ಸರಿಯಾಗಿ ಆಗುವುದಿಲ್ಲ.

ನನ್ನ ಮಗ ಆಗ ಮೂರನೇ ಕ್ಲಾಸ್. ದಿನಾ ಡೈರಿಗೆ ಸಹಿ ಬೇಕು. ಆ ವಾರ ಎರಡು ದಿನ ಹೋಂವರ್ಕ್ ಆಗಲಿಲ್ಲ, ಸಹಿಯೂ ಆಗಲಿಲ್ಲ. ಕ್ಲಾಸಿನ ಹೊರಗೆ ನಿಲ್ಲಿಸಿದರಂತೆ. ಅವನು ಮನೆಯಲ್ಲಿ ಹೇಳಲೇ ಇಲ್ಲ. ಮೂರನೇ ದಿನ ಬೆಳಗ್ಗೆ ಹೊಟ್ಟೆನೋವು ಅಂದ, ನಾಲ್ಕನೇ ದಿನವೂ ಅಂದ. ನಮ್ಮ ಅತ್ತೆಗೆ ಓದು ಬರಹ ಬರುವುದಿಲ್ಲ, ಆದರೆ ಅವರಿಗೇ ಮೊದಲು ಗೊತ್ತಾಯಿತು. "ಇದು ಹೊಟ್ಟೆನೋವಲ್ಲಮ್ಮ, ಹುಡುಗ ಹೆದರಿದ್ದಾನೆ" ಅಂದರು.

ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿದ ಮರುದಿನವೇ ಶಾಲೆಗೆ ಹೋದೆ. ನಮ್ಮ ಬೀದಿಯ ಇನ್ನೂ ಮೂವರು ಬಂದರು, ಅವರದೂ ಇದೇ ಕಷ್ಟ. ನಾವು ಜಗಳ ಮಾಡಲಿಲ್ಲ. ಹುಳು ಮನೆಯಲ್ಲಿ ಆ ವಾರ ಹೇಗಿರುತ್ತದೆ ಅಂತ ಹೇಳಿದೆವು. ಮಿಸ್ಸು ಪಾಪ ಬೇರೆ ಕಡೆಯಿಂದ ಬಂದವರು, ಅವರಿಗೆ ಇದು ಗೊತ್ತಿರಲಿಲ್ಲ. ಆಮೇಲೆ ಅವರೇ ಒಂದು ದಾರಿ ಕಂಡುಹಿಡಿದರು. ಸೋಮವಾರ ಇಡೀ ವಾರದ್ದು ಒಟ್ಟಿಗೆ ಕೊಡುವುದು, ಶನಿವಾರ ತಂದು ತೋರಿಸುವುದು. ಯಾವ ದಿನ ಮಾಡಿದರೂ ಸರಿ. ನಮ್ಮಂಥವರಿಗೆ ಇದು ದೊಡ್ಡ ಉಪಕಾರ. ಅಂಗಡಿ, ಹೈನು, ಹೂವಿನ ತೋಟ ಇರುವವರಿಗೂ ಹೀಗೇ ಅಲ್ವಾ?

ಇನ್ನೊಂದು. ನನ್ನ ಮಗನಿಗೆ ಗುಣಾಕಾರ ಹಿಡಿತಕ್ಕೆ ಬಂದದ್ದು ಹುಳು ಮನೆಯಲ್ಲಿ. ಒಂದು ಸಾಲಿಗೆ ಆರು ಚಂದ್ರಿಕೆ, ಐದು ಸಾಲು, ಒಟ್ಟು ಎಷ್ಟು ಅಂತ ಅವರ ತಾತ ಕೇಳುತ್ತಿದ್ದರು. ಮಗ್ಗಿ ಇಪ್ಪತ್ತು ಸಲ ಬರೆದಾಗ ಬಾರದ್ದು ಹಾಗೆ ಬಂತು.

ಬಾಗೇಪಲ್ಲಿಯಿಂದ, ಒಬ್ಬ ತಂದೆ

ನನ್ನ ಅನುಭವ ಬೇರೆ, ಅದನ್ನೂ ಹೇಳುತ್ತೇನೆ. ನಮ್ಮ ಹುಡುಗನಿಗೆ ಮೂರನೇ ಕ್ಲಾಸಿನವರೆಗೆ ಏನೂ ಹೋಂವರ್ಕ್ ಇರಲಿಲ್ಲ. ಖುಷಿಯಾಗಿದ್ದೆವು. ನಾಲ್ಕಕ್ಕೆ ಬಂದಾಗ ನೋಡಿದರೆ ಕನ್ನಡದಲ್ಲಿ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಿದ್ದ. ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳಿಗೆ ಕನ್ನಡ ಓದು ತಾನಾಗಿ ಬರುವುದಿಲ್ಲ, ಯಾರಾದರೂ ಪಕ್ಕ ಕೂರಬೇಕು. ನಾನು ಕೂತಿರಲಿಲ್ಲ. ಆ ಬೇಸರ ನನಗೆ ಈಗಲೂ ಇದೆ.

ಆಮೇಲೆ ದಿನಾ ಹದಿನೈದು ನಿಮಿಷ ಓದಿಸಲು ಶುರು ಮಾಡಿದೆ. ಬರೆಯುವುದಿಲ್ಲ, ಬರೀ ಗಟ್ಟಿಯಾಗಿ ಓದುವುದು. ದಿನಪತ್ರಿಕೆಯ ದೊಡ್ಡ ಅಕ್ಷರದ ತಲೆಬರಹ, ಬಸ್ಸಿನ ಬೋರ್ಡು, ಗೊಬ್ಬರದ ಚೀಲದ ಮೇಲಿರುವುದು. ಐದಾರು ತಿಂಗಳು ಹಿಡಿಯಿತು. ಈಗ ತಡವರಿಸದೆ ಓದುತ್ತಾನೆ. ಅದಕ್ಕೇ ಹೇಳುತ್ತೇನೆ ತಾಯಿ, ಕಾಪಿ ಬರೆಯುವುದನ್ನು ಬಿಡಿಸಿ. ಓದುವುದನ್ನು ಮಾತ್ರ ಬಿಡಿಸಬೇಡಿ.

ಗೌರಿಬಿದನೂರಿನ ಶಿಕ್ಷಕಿ

ಬಾಗೇಪಲ್ಲಿಯ ಸರ್ ಹೇಳಿದ್ದು ಸರಿ. ಗಡಿ ಭಾಗದ ಮಕ್ಕಳ ವಿಷಯದಲ್ಲಿ ಇದನ್ನು ನಾನು ಮೊದಲೇ ಹೇಳಬೇಕಿತ್ತು. ಓದಿದ್ದನ್ನು ಮಗು ತೆಲುಗಿನಲ್ಲೇ ತಿರುಗಿ ಹೇಳಲಿ, ಪರವಾಗಿಲ್ಲ. ಅರ್ಥ ಆಗಿದೆಯಾ ಅಂತ ನಮಗೆ ತಿಳಿದರೆ ಆಯಿತು.

ಕೇಳಿದ ತಾಯಿ, ಎರಡು ವಾರದ ನಂತರ

ಎಲ್ಲರಿಗೂ ತುಂಬಾ ಧನ್ಯವಾದ. ಟೀಚರಮ್ಮ ಹೇಳಿದ ಹಾಗೆ ಒಂದು ವಾರ ಸಮಯ ಬರೆದೆ. ಏಳರಿಂದ ಎಂಟೂವರೆ, ಏಳರಿಂದ ಒಂಬತ್ತು, ಒಂದು ದಿನ ಒಂಬತ್ತೂ ಇಪ್ಪತ್ತು. ಡೈರಿಯಲ್ಲಿ ಹಾಗೇ ಕಳಿಸಿದೆ. ಎಡಗೈಯಲ್ಲಿ ಬರೆದದ್ದನ್ನೂ ಹೇಳಿಬಿಟ್ಟೆ.

ಮಿಸ್ಸು ಸಂಜೆ ಫೋನ್ ಮಾಡಿದರು. ಬೇಜಾರು ಮಾಡಿಕೊಳ್ಳಲಿಲ್ಲ. ಪ್ರತಿ ವಿಷಯದವರೂ "ಸ್ವಲ್ಪವೇ" ಅಂತ ಕೊಡುತ್ತಿದ್ದರಂತೆ, ಒಟ್ಟು ಎಷ್ಟಾಗುತ್ತದೆ ಅಂತ ಯಾರೂ ಕೂಡಿಸಿ ನೋಡಿರಲಿಲ್ಲ. ಈಗ ಒಂದು ದಿನ ಕನ್ನಡ, ಒಂದು ದಿನ ಇಂಗ್ಲಿಷ್. ಮಗ್ಗಿ ಬಾಯಲ್ಲಿ ಹೇಳಿದರೆ ಸಾಕು. ನಾನು ಮಷೀನ್ ತುಳಿಯುವಾಗ ಅವಳು ಪಕ್ಕದಲ್ಲಿ ಕೂತು ಹೇಳುತ್ತಾಳೆ. ಗುಂಡಿ ಹಾಕುವ ಅಂಗಿ ಇದ್ದರೆ ಒಂದಕ್ಕೆ ಏಳು ಗುಂಡಿ, ನಾಲ್ಕಕ್ಕೆ ಎಷ್ಟು ಅಂತ ಕೇಳುತ್ತೇನೆ. ನಿನ್ನೆ ಏಳೂವರೆಗೆ ಎಲ್ಲ ಮುಗಿದು ಅವರ ಅಪ್ಪ ಬರುವವರೆಗೂ ಎದ್ದಿದ್ದಳು.

ಇವಿಎಸ್ ಪ್ರಶ್ನೆ ಉತ್ತರ ಇನ್ನೂ ಹಾಗೇ ಇದೆ. ಶನಿವಾರ ಪೋಷಕರ ಸಭೆ ಇದೆ, ಅಲ್ಲಿ ಕೇಳುತ್ತೇನೆ. ನಮ್ಮ ವ್ಯಾನಿನ ಮಕ್ಕಳ ತಾಯಂದಿರು ಇಬ್ಬರು ಜೊತೆಗೆ ಬರುತ್ತೇವೆ ಅಂದಿದ್ದಾರೆ.